ಸ್ಟೌವಿಗೆ ಇಟ್ಟ ವಿಭೂತಿ

ಬೆಳಿಗ್ಗೆ ಸ್ಟೌವಿನ ಉರಿ ಹಳದಿಯಾಯಿತು. ಬರ್ನರುಗಳನ್ನು ತೆಗೆದು ಹುಣಸೆಹುಳಿ ಕದಡಿದ ಬಿಸಿನೀರಿಗೆ ಹಾಕಿದೆ. ಹುಳಿ, ಹಿತ್ತಾಳೆ ಸೇರಿ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಗಟಿಯಿಂದ ಬಂದು ಅಜ್ಜಂಪುರದ ನಮ್ಮ ಮನೆಯಲ್ಲಿದ್ದ ಅತ್ತೆ ಪಕ್ಕದಲ್ಲಿ ನಿಂತಂತಾಯಿತು.

ನೀವು ಸ್ಟೌ ಕೊಳ್ಳುವುದಾದರೆ ಹಿತ್ತಾಳೆ ಬರ್ನರಿನದ್ದೇ ಕೊಳ್ಳಿ; ಕೈಯಲ್ಲಿ ಹಿಡಿದು ತೂಕ ನೋಡಿ. ತರೀಕೆರೆಯ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತು ಚೌಕಾಸಿ ಮಾಡಿ, ಪೈಪನ್ನೂ ಪುಕ್ಕಟೆ ಹಾಕಿಸಿಕೊಂಡು ಬಂದವಳು ನಾನು. “ಅಕ್ಕಾ, ನೀವು ಇನ್ನೊಂದ್ಸಲ ಬಂದ್ರೆ ಬಾಗ್ಲು ಹಾಕ್ಕೊಂಬಿಡ್ತೀನಿ” ಎಂದಿದ್ದ ಅಂಗಡಿಯವನು. ಅಂಥ ನನ್ನ ಆಟ ಅತ್ತೆಯ ಮುಂದೆ ಮಾತ್ರ ನಡೆಯುತ್ತಿರಲಿಲ್ಲ.

ಸೋಮವಾರ ಬಂತೆಂದರೆ ಅವರು ಹುಣಸೆಹುಳಿಯಲ್ಲಿ ಸ್ಟೌ ತೊಳೆದು, ಮಣ್ಣಿನ ಒಲೆಗೆ ಇಡುತ್ತಿದ್ದ ಹಾಗೆಯೇ ಬರ್ನರಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದರು. ಬೂದಿ ತೂತುಗಳಿಗೆ ಇಳಿದು ಪಾತ್ರೆಗಳ ತಳವೆಲ್ಲ ಮಸಿ. ಹೇಳಿದರೆ, “ಇಬೂತಿ ಇಡದ ಒಲೇಲಿ ಬೆಂದಿದ್ದು ಹೆಂಗುಣ್ಣೋದೇ?” ಎನ್ನುವರು. ಜಗ್ಗಾಡಿ ಜಗ್ಗಾಡಿ, ವಿಭೂತಿ ಮುಂದಿನ ತಗಡಿಗೆ, ನಾಬುಗಳ ನಡುವೆ ಎಂದು ರಾಜಿಯಾಯಿತು. ಆದರೆ ಬೆಳಗಿನ ಮೊದಲ ಉರಿ ಹಚ್ಚುವುದು ತಾವೇ. ಮಗನ ಮನೆಯಲ್ಲಿ ತಮ್ಮದೆಂದು ಅವರು ಉಳಿಸಿಕೊಂಡಿದ್ದು ಅದೊಂದೇ.

ಒಂದು ಸೋಮವಾರ ಹಿತ್ತಲಿಂದ ಒಳಗೆ ಬಂದರೆ ಅಡುಗೆಮನೆ ತುಂಬ ಗ್ಯಾಸಿನ ವಾಸನೆ. ತಗಡು ಒರೆಸುವಾಗ ನಾಬ್ ತಿರುಗಿಬಿಟ್ಟಿದೆ. ಅತ್ತೆ ಲೈಟರ್ ಹಿಡಿದು ಬಗ್ಗಿದ್ದಾರೆ. ಓಡಿ ಕೈ ಹಿಡಿದೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದೆ. ನಾನು ಬಾಯಿ ಬಿಡುವ ಮೊದಲೇ ಅವರು ಮೆಲ್ಲಗೆ ಕೇಳಿದರು.

“ವಾಸ್ನೆ ಬತ್ತಿತ್ತೇನೇ?”

“ಹೂಂ ಅತ್ತೆ.”

“ನಂಗೆ ಬರ್ಲಿಲ್ಲ ಕಣೇ.”

ಲೈಟರನ್ನು ನನ್ನ ಅಂಗೈಯಲ್ಲಿಟ್ಟರು. “ಇನ್ಮೇಲೆ ನೀನೇ ಹಚ್ಚು. ಇಬೂತಿ ಮಾತ್ರ ನಾನಿಡ್ತೀನಿ.”

ಅವತ್ತು ನಾನು ಚೌಕಾಸಿಗೆ ಇಳಿಯಲಿಲ್ಲ. ಅಲ್ಲಿಂದ ಮುಂದೆ ರೆಗ್ಯುಲೇಟರ್ ಮುಚ್ಚಿದ ಮೇಲೆಯೇ ಸ್ಟೌ ಅವರ ಕೈಗೆ. ಒರೆಸಿ, ಗೆರೆ ಎಳೆದು, ಪಕ್ಕಕ್ಕೆ ಸರಿದು, “ಹೂಂ, ಹಚ್ಚು” ಎನ್ನುವರು. ಅವರು ಹೇಳದೆ ನಾನು ಹಚ್ಚುತ್ತಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಆ ಪದ್ಧತಿಯೂ ನಿಂತಿತ್ತು.

ಇವತ್ತು ಬರ್ನರುಗಳನ್ನು ಚೆನ್ನಾಗಿ ಒಣಗಿಸಿ ಕೂರಿಸಿದೆ. ಹಸಿಯಾಗಿ ಕೂರಿಸಬೇಡಿ, ಉರಿ ತಡವರಿಸುತ್ತದೆ. ಪೈಪಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುವುದಿಲ್ಲವೆಂದು ನೋಡಿಕೊಂಡೆ. ಆಮೇಲೆ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು ತಗಡಿಗೆ ಮೂರು ಗೆರೆ ಎಳೆದೆ. ಸೊಟ್ಟಗೆ ಬಂದವು. ಲೈಟರ್ ಹಿಡಿದು ನಿಂತೇ ಇದ್ದೆ. ಹಚ್ಚು ಎನ್ನುವವರಿಲ್ಲ. ಕೊನೆಗೆ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಸರಿದು, ಹಚ್ಚಿದೆ.