ಮೊಲದ ನಾಲ್ಕನೆಯ ಕಾಲು

ನಮ್ಮ ಅತ್ತೆಯ ಕಸುಬು ಮೂಳೆಗಳ ಚಿತ್ರ ಬರೆಯುವುದು. ಪಶುವೈದ್ಯ ಕಾಲೇಜಿನ ಗೋಡೆಗಳ ಮೇಲಿರುವ ಹಸು, ಕುದುರೆ, ಮೊಲಗಳ ಅಸ್ಥಿಪಂಜರಗಳೆಲ್ಲ ಅವರ ಕೈಯಿಂದ ಬಂದವು. ನಿವೃತ್ತರಾದ ಮೇಲೆ ಅವನ್ನೆಲ್ಲ ಪುಸ್ತಕ ಮಾಡುವ ಹಟ ಹಿಡಿದು, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಲೇಟೆಕ್ ವಿದ್ಯೆಯನ್ನು ತಾವೇ ಕಲಿತರು. ಹಟದಲ್ಲಿ ಅವರದು ಎತ್ತಿದ ಕೈ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಗಾದೆ ನಿಜವೇ ಆಯಿತು. ಕರಡು ಪುಟದಲ್ಲಿ ಮೊಲದ ಹಿಂಗಾಲೊಂದು ನಾಪತ್ತೆ! ಗೂಳಿಗೆ ಕೊಂಬಿಲ್ಲ. ಕತ್ತರಿಸಬೇಡ ಎಂದು ಅಪ್ಪಣೆ ಕೊಟ್ಟರೆ ಅದೇ ಕೊಂಬು ಮೇಲಿನ ಸಾಲುಗಳನ್ನು ತಿವಿಯುತ್ತಿತ್ತು. ಪ್ರಕಾಶಕರು ಫೋನ್ ಮಾಡಿ, "ಸಂಜೆಯೊಳಗೆ ಸರಿಯಾಗದಿದ್ರೆ ಚಿತ್ರ ಬಿಟ್ಟು ಬರೀ ಪಾಠ ಅಚ್ಚು ಹಾಕ್ತೀವಮ್ಮ," ಎಂದರು. ಜೀವಮಾನದ ಕೆಲಸವಲ್ಲವೇ ಅದು! ನನ್ನ ಮೈ ಉರಿಯಿತು.

ಚಿತ್ರ ಸೇರಿಸಲು ಲೇಟೆಕ್‌ನಲ್ಲಿ ಅಕ್ಕತಂಗಿಯರಂಥ ಎರಡು ಪ್ಯಾಕೇಜುಗಳು, ಅಂದರೆ ಸಿದ್ಧ ಆಜ್ಞೆಗಳ ಕಟ್ಟುಗಳು, ಇವೆ. ಅಕ್ಕ 'ಗ್ರಾಫಿಕ್ಸ್', ತಂಗಿ 'ಗ್ರಾಫಿಕ್‌ಎಕ್ಸ್'.

"ತಂಗೀನ ಕರೀರಿ ಅತ್ತೆ," ಎಂದೆ.

"ಇಬ್ಬರೂ ಮಾಡೋದು ಒಂದೇ ಕೆಲಸ. ಅಕ್ಕ ಇರೋವಾಗ ತಂಗಿ ಯಾಕೆ? ಅಳತೆ ಕೊಟ್ಟಿದೀನಲ್ಲ!"

"ಅಳತೆ ಕೊಟ್ಟಿದೀರಿ. ಕಾಲೆಲ್ಲಿ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ, ಚಿತ್ರ ಬರೆಯುವಾಗ ಬಳಸುತ್ತಿದ್ದ ರಟ್ಟಿನ ಚೌಕಟ್ಟನ್ನು ಡ್ರಾಯರಿನಿಂದ ತೆಗೆದು, ಮೂಲ ಚಿತ್ರದ ಕೆಳಗಿನ ಎಡ ಮೂಲೆಗೆ ಸರಿಯಾಗಿ ಇಟ್ಟರು. ದೊಡ್ಡ ಹಾಳೆಯ ಒಂದು ಭಾಗವಷ್ಟೇ ಒಳಗೆ ಕಂಡಿತು. ಮೂರು ಕಾಲಿನ ಮೊಲ.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಚಿತ್ರ ಚಿಕ್ಕದಾಗ್ಲಿ ಅಂತ ನಾನು ಅಳತೆ ಕೊಟ್ರೆ, ಅಕ್ಕ ಕಿಟಕಿ ಚಿಕ್ಕದು ಮಾಡ್ತಿದ್ದಾಳೆ!"

ತಂಗಿ ಬಂದಳು. ಅಕ್ಕನಿಂದ ಚಿತ್ರ ಕುಗ್ಗಿಸಬೇಕಾದರೆ ಇನ್ನೊಂದು ಆಜ್ಞೆಯ ಬೆನ್ನು ಹತ್ತಬೇಕು; ತಂಗಿಗೆ 'ಅಗಲ ಇಷ್ಟು' ಎಂದರೆ ಸಾಕು, ಇಡೀ ಚಿತ್ರ ಕುಗ್ಗಿ ಕೂರುತ್ತದೆ. ಅತ್ತೆ ಒಂದೊಂದೇ ಪುಟ ತಿದ್ದುತ್ತ ಹೋದರು, ನಾನು ಮುದ್ರಿಸಿ ನೋಡುತ್ತ ಹೋದೆ. ಗೂಳಿ ಕೊಂಬಿನ ಸಮೇತ ಬಂತು, ಕುದುರೆ ಬಾಲದ ಸಮೇತ ಬಂತು. ನಾನಂತೂ ಅಡುಗೆಮನೆ ಮರೆತು ಚಪ್ಪಾಳೆ ತಟ್ಟಿದೆ. ಇನ್ನೂ ಬಿಸಿಲಿರುವಾಗಲೇ ಪುಟಗಳು ಪ್ರಕಾಶಕರ ಕೈ ಸೇರಿದವು.

"ಒಂದು ಚಿತ್ರಾನೂ ಬಿಡಲ್ಲಮ್ಮ," ಎಂದು ಅವರೇ ಫೋನ್ ಮಾಡಿದರು.

ಪುಸ್ತಕ ಮನೆಗೆ ಬಂದ ದಿನ ಅತ್ತೆ ನೇರ ಮೊಲದ ಪುಟ ತೆರೆದು ನನ್ನ ಮುಖದೆದುರು ಹಿಡಿದರು.

"ಎಣಿಸೇ."

ಎಣಿಸಿದೆ. ಸಂತೋಷಕ್ಕೆ ಕಣ್ಣು ಮಂಜಾಗಿತ್ತು.

"ನಾಲ್ಕು, ಅತ್ತೆ. ನೀವು ಹಿಡಿದ ಮೊಲಕ್ಕೆ ಇದೇ ಮೊದಲು."