ತೊಲೆಯ ತುದಿ ಓದಿದವರು

ಮನೆ ಕಟ್ಟುವವರಲ್ಲಿ ಮರದ ಗಟ್ಟಿತನ ನೋಡುವವರು ಅನೇಕರಿದ್ದಾರೆ. ಆ ಮರ ಯಾವ ಕಾಡಿನದು, ಯಾರ ಅನುಮತಿಯಿಂದ ಬಂತು, ಕಡಿದ ಜಾಗದಲ್ಲಿ ಸಸಿ ನೆಟ್ಟರೇ ಎಂದು ಕೇಳಿ, ಉತ್ತರ ಸಿಗುವವರೆಗೆ ಸಹಿ ಹಾಕದೆ ಕೂತವರು ವಿರಳ. ನಮ್ಮ ಗೃಹನಿರ್ಮಾಣ ಸಂಸ್ಥೆಯ ಮರ ಪರಿಶೀಲನಾಧಿಕಾರಿಯಾಗಿ ಇಪ್ಪತ್ತೆಂಟು ವರ್ಷ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ವಿರಳರ ಸಾಲಿಗೆ ಸೇರಿದವರು. ಅವರ ಕುರ್ಚಿಗೆ ನನ್ನನ್ನು ನೇಮಿಸಿದ್ದಾರೆ. ಅಭಿನಂದನೆ ಬರೆಯಲು ಕೂತವನಿಗೆ ಭಯವೇಕೆಂದರೆ, ಒಂದನೇ ತಾರೀಖಿನಿಂದ ಆ ಸಹಿಯನ್ನು ನಾನೊಬ್ಬನೇ ಹಾಕಬೇಕು, ಮತ್ತು ಅದರ ಮರ್ಯಾದೆಯನ್ನು ಒಮ್ಮೆ ಕಳೆದವನು ನಾನೇ.

ಅವರು ಸೇರಿದಾಗ ಈ ವಿಭಾಗವೆಂದರೆ ಗೋದಾಮಿನ ಮೂಲೆಯಲ್ಲಿ ಒಂದು ಮೇಜು, ಕಾಲು ಅಲ್ಲಾಡುವ ಒಂದು ಸ್ಟೂಲು. ಲಾರಿ ಬಂದರೆ ಕಾಗದ ನೋಡಿ ಠಸ್ಸೆ ಒತ್ತುವುದಷ್ಟೇ ಕೆಲಸ. ಮೇಡಂ ಈ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲು ಒದ್ದೆ ಬಟ್ಟೆಯಿಂದ ಪ್ರತಿ ತೊಲೆಯ ತುದಿಯನ್ನು ಒರೆಸಬೇಕು. ಧೂಳು ಹೋಗಿ ಅರಣ್ಯದವರು ಒತ್ತಿದ ಮುದ್ರೆಯ ಸಂಖ್ಯೆ ಕಂಡರೆ ಪುಸ್ತಕದಲ್ಲಿ ಬರೆಯಬೇಕು. ಲಾರಿಯವನ ಕೈಯಲ್ಲಿರುವ ಸಾಗಣೆ ಪತ್ರವನ್ನು ಬಿಡಿಸುವುದು ಆಮೇಲೆ. ಲಾರಿಯವರು ಅವರನ್ನು ಬೆನ್ನ ಹಿಂದೆ ‘ಒದ್ದೆಬಟ್ಟೆ ಮೇಡಂ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಮೇಡಂ ನಕ್ಕು, “ಹರಕುಬಟ್ಟೆ ಅನ್ನಲಿಲ್ವಲ್ಲ, ಪುಣ್ಯ” ಎಂದರಂತೆ.

ನನ್ನ ಸೇವೆಯ ಎರಡನೇ ವರ್ಷ, ಅವರು ರಜೆಯಲ್ಲಿದ್ದ ಒಂದು ಮಧ್ಯಾಹ್ನ, ಆರು ತೊಲೆಗಳು ಬಂದವು. ಬಿಸಿಲಿಗೆ ಬೇಸತ್ತ ನಾನು ಪತ್ರವನ್ನೇ ಮೊದಲು ಬಿಡಿಸಿ, ನಲವತ್ತೊಂದರಿಂದ ನಲವತ್ತಾರರವರೆಗಿನ ಸಂಖ್ಯೆಗಳನ್ನು ಪುಸ್ತಕಕ್ಕೆ ಇಳಿಸಿ, ಮರದ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಮೂರು ವಾರ ಕಳೆದು ಪುಸ್ತಕ ತಿರುವುತ್ತಿದ್ದ ಮೇಡಂ ಆ ಪುಟದಲ್ಲಿ ನಿಂತರು.

“ಇದೇನಪ್ಪಾ, ಮರ ಶಾಲೆ ಮಕ್ಕಳ ಥರ ಸಾಲಾಗಿ ಇಳೀತಾ?”

ಲಾರಿಯಿಂದ ತೊಲೆಗಳು ಸಂಖ್ಯೆಯ ಪ್ರಕಾರ ಇಳಿದದ್ದನ್ನು ನಾನೂ ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಆ ಆರು ತೊಲೆಗಳು ಒಬ್ಬ ಬಸ್ ಚಾಲಕರ ಹೊಸ ಮನೆಯ ಮಾಡು ಹೊತ್ತಿದ್ದವು. ಮೇಡಂ ತಾವೇ ಏಣಿ ಹತ್ತಿ, ಹೊರಗೆ ಚಾಚಿದ್ದ ತುದಿಗಳನ್ನು ಒರೆಸಿದರು. ನಾಲ್ಕರಲ್ಲಿ ಮುದ್ರೆಯೇ ಇರಲಿಲ್ಲ.

ಚಾಲಕರ ಹೆಂಡತಿ ಎಂಟು ತಿಂಗಳ ಬಸುರಿ. ಬಾಡಿಗೆ ಮನೆಯನ್ನು ಅದೇ ವಾರ ಬಿಡಬೇಕಿತ್ತು.

“ಮರ ಎಲ್ಲಿಂದ ಬಂದ್ರೇನು ಮೇಡಂ, ಗಟ್ಟಿ ಇದೆಯಲ್ಲ!” ಎಂದು ಚಾಲಕರು ಕೂಗಾಡಿದರು.

“ಗಟ್ಟಿ ಇದೆ. ಆದ್ರೆ ಕದ್ದು ಕಡಿದದ್ದೋ ಏನೋ, ನಂಗೊತ್ತಿಲ್ಲ. ಕಾಡಿಗೆ ಕೇಡಾಗದ ಮನೆ ಕಟ್ಟಿಕೊಡ್ತೀವಿ ಅಂತ ನಿಮಗೆ ಮಾತು ಕೊಟ್ಟವರು ನಾವು. ತಪ್ಪು ನಮ್ದು, ನಾವೇ ಬಿಚ್ಚಿ ಬೇರೆ ಹಾಕ್ತೀವಿ.”

ಕೆಡವುತ್ತಿದ್ದ ಹಳೆಯ ಗಿರಣಿಯೊಂದರಿಂದ ನಾಲ್ಕು ತೊಲೆಗಳನ್ನು ಹುಡುಕಿ ತಂದು ಕೂರಿಸಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಆ ದಂಪತಿ ಮೇಡಂ ಮನೆಯ ಮುಂದಿನ ಕೋಣೆಯಲ್ಲಿದ್ದರು. ವರದಿಯಲ್ಲಿ ನನ್ನ ಹೆಸರು ಬರಲಿಲ್ಲ. “ಮೇಲ್ವಿಚಾರಣೆ ನನ್ನದು, ಲೋಪವೂ ನನ್ನದು” ಎಂದು ಬರೆದು ಕಳಿಸಿದ್ದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ತಪ್ಪಿತು. ನಾಚಿಕೆಯಿಂದ ನಾನು ತಿಂಗಳುಗಟ್ಟಲೆ ಅವರ ಮುಖ ನೋಡಲಿಲ್ಲ. ಇಂದಿಗೂ ಲಾರಿಯ ಹಾರನ್ ಕೇಳಿದರೆ ನನ್ನ ಕೈ ಮೊದಲು ಒದ್ದೆ ಬಟ್ಟೆಗೆ ಹೋಗುತ್ತದೆ.

ಕಳೆದ ವಾರ ಹನ್ನೆರಡು ವರ್ಷಗಳ ಪರಿಚಯದ ವ್ಯಾಪಾರಿಯಿಂದ ಒಂದು ಲೋಡು ಬಂತು. ಅದರಲ್ಲಿ ಎರಡು ತೊಲೆಗಳ ಮುದ್ರೆ ಅರಣ್ಯದವರದಲ್ಲ, ಇತ್ತೀಚೆಗೆ ಬೇರೆ ಯಾರೋ ಒತ್ತಿದ್ದು ಎಂಬಂತೆ ಕಂಡಿತು. ಅತ್ತ ಗೋಡೆ ಎದ್ದು ನಿಂತ ಮನೆ, ಇತ್ತ ಮೋಡ ಕವಿದ ಆಕಾಶ. ನಿರಾಕರಿಸಿ ನಾನು ತಪ್ಪಿದರೆ ಆ ಮನೆಯವರು ನೆನೆಯುತ್ತಾರೆ. ಒಪ್ಪಿ ತಪ್ಪಿದರೆ ಹಳೆಯ ಕಥೆಯೇ. ರಜೆಯಲ್ಲಿದ್ದ ಮೇಡಂ ಮನೆಗೆ ಓಡಿ, ಫೋನಿನಲ್ಲಿ ತೆಗೆದ ಚಿತ್ರಗಳನ್ನು ಮುಂದಿಟ್ಟೆ. ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ನೀನು ಕಣ್ಣಾರೆ ನೋಡಿದ್ಯಾ?”

“ನೋಡಿದೆ ಮೇಡಂ. ಎರಡರ ಮೇಲೆ ಅನುಮಾನ.”

“ಮತ್ತೆ ಇಲ್ಲಿಗ್ಯಾಕೆ ಬಂದೆ?”

ಕಾಫಿ ಕುಡಿದು ಎದ್ದು ಬಂದು, ಎರಡನ್ನೂ ವಾಪಸು ಕಳಿಸಿದೆ. ಒಂದು ಸರಿಯಾಗಿಯೇ ಇತ್ತೆಂದು ಆಮೇಲೆ ತಿಳಿಯಿತು. ವ್ಯಾಪಾರಿಯ ಕ್ಷಮೆ ಕೇಳಿದೆ. ಇನ್ನೊಂದರ ಬಗ್ಗೆ ಅವರು ಈವರೆಗೆ ಬಾಯಿಬಿಟ್ಟಿಲ್ಲ. ಆ ಮನೆಯ ಮಾಡು ಇನ್ನೂ ಏರಿಲ್ಲ, ಮನೆಯೊಡತಿ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ, ನಾನು ದಿನಾ ಎತ್ತಿ ಇದ್ದದ್ದನ್ನೇ ಹೇಳುತ್ತೇನೆ.

ಮೇಡಂ ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ಹಳೆಯ ಕಟ್ಟಡಗಳ ಮರವನ್ನು ಹೊಸ ಮನೆಗಳಿಗೆ ಬಳಸುವ ಬಗ್ಗೆ ಅವರು ಅರ್ಧ ಬರೆದಿಟ್ಟ ಕೈಪಿಡಿ ಪೂರ್ಣವಾಗಲಿ. ನನ್ನ ಭಯ ಹೋಗಿಲ್ಲ. ನಾನು ಇನ್ನೂ ಎಷ್ಟೋ ಸಲ ಅವರ ಬಾಗಿಲು ಬಡಿಯುವವನೇ; ಅಷ್ಟೂ ಸಲ ಕಾಫಿ ಕೊಟ್ಟು, ಉತ್ತರ ಕೊಡದೆ ಕಳಿಸುವ ಶಕ್ತಿ ಅವರಿಗಿರಲಿ.