ತಾತನಿಗೊಂದು ಸುತ್ತು

ನಾನು ಚಿಕ್ಕವಳಿದ್ದಾಗ ನಮ್ಮೂರಿಗೂ ಸ್ಕೂಲಿಗೂ ನಡುವೆ ಅಣೆಕಟ್ಟಿನ ಹಿನ್ನೀರಿತ್ತು, ಸೇತುವೆ ಇರಲಿಲ್ಲ. ದಡದಲ್ಲಿ ಹರಿಗೋಲು ನಡೆಸುವ ಆರು ಮನೆಗಳು. ಆ ಆರಕ್ಕೂ ಹಿರಿಯ ನಮ್ಮ ತಾತ. ಬಿದಿರು ಹೆಣೆದು ಎಮ್ಮೆ ಚರ್ಮ ಹೊದಿಸಿದ, ದೊಡ್ಡ ಬುಟ್ಟಿಯಂಥ ದೋಣಿ ಅದು. ಬಿಸಿಲೇರಿದರೆ ಚರ್ಮಕ್ಕೆ ಬಳಿದ ಎಣ್ಣೆ ಘಮ್ಮೆನ್ನುತ್ತಿತ್ತು. ತಾತನ ಹುಟ್ಟಿನ ಹಿಡಿ ಅವನ ಬೆರಳಿನ ಅಚ್ಚಿಗೇ ಸವೆದಿತ್ತು. ದಡದಲ್ಲಿ ಎಷ್ಟು ಜನ ಕಾದಿದ್ದರೂ ಬೆಳಗಿನ ಮೊದಲ ಸರದಿ ಸ್ಕೂಲು ಮಕ್ಕಳದು. ಮಳೆ ಬಂದರೆ ನಮ್ಮ ಪುಸ್ತಕಗಳಿಗೆ ತನ್ನ ಕಂಬಳಿ ಹೊದಿಸಿ ತಾನು ನೆನೆಯುತ್ತಿದ್ದ.

ಒಂದು ಮಾವಿನ ಕಾಲದಲ್ಲಿ ನಮ್ಮೂರ ತೋಟದ ಸಾಹುಕಾರ ಹಣ್ಣಿನ ಬುಟ್ಟಿಗಳ ಜೊತೆ ಬಂದು ನಿಂತ.

“ಓಯ್ ಮುದ್ಕ, ಇವ್ರು ಆಮೇಲೆ ಬರ್ಲಿ. ನನ್ ಹಣ್ಣು ಮೊದ್ಲು ದಾಟ್ಸು.”

“ಸ್ಕೂಲ್ ಗಂಟೆ ಕಾಯಲ್ಲ ಸಾವ್ಕಾರ್ರೇ. ನಿಮ್ ಹಣ್ಣು ಕಾಯ್ತದೆ,” ಎಂದ ತಾತ.

ನಾವು ಮಕ್ಕಳೆಲ್ಲ ನಕ್ಕೆವು. ನಾವು ನಕ್ಕಿದ್ದಕ್ಕೇ ಸಾಹುಕಾರನಿಗೆ ರೇಗಿತೆಂದು ನನಗೆ ಈಗಲೂ ಅನಿಸುತ್ತದೆ. ತಾತನ ಕೈಯಿಂದ ಹುಟ್ಟು ಕಿತ್ತು ಬಂಡೆಗೆ ಬಡಿದ. ಎರಡು ತುಂಡಾಯಿತು. ತಾತ ತುಂಡುಗಳನ್ನು ಆರಿಸಿಕೊಂಡು ಮನೆಗೆ ಬಂದವನು ಮತ್ತೆ ನೀರಿನ ಕಡೆ ಹೋಗಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡ.

ಆಮೇಲೆ ಸಾಹುಕಾರ ಬರುವುದು ಕಂಡರೆ ಸಾಕು, ಆರು ಮನೆಯವರೂ ಹರಿಗೋಲುಗಳನ್ನು ಬೋರಲು ಹಾಕಿಬಿಡುತ್ತಿದ್ದರು. ದಡದಲ್ಲಿ ಹಣ್ಣು ಕೊಳೆತು ನೊಣ ಮುತ್ತತೊಡಗಿತು. ಒಂದು ಬೆಳಿಗ್ಗೆ ಅವನು ಕೈಮುಗಿದು ಬೇಡಿಕೊಳ್ಳುತ್ತಿರುವಾಗ ಅಕ್ಕ ತಾತನ ಹರಿಗೋಲನ್ನು ನೀರಿಗೆ ತಳ್ಳಿ, “ಹತ್ರಿ” ಅಂದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಸಾಹುಕಾರ ಬುಟ್ಟಿ ಸಮೇತ ಹತ್ತಿದ. ನಾನೂ ಹತ್ತಿ ಕೂತೆ.

ಎರಡೂ ಪಕ್ಕ ಹುಟ್ಟು ಹಾಕಿದರೆ ಹರಿಗೋಲು ಮುಂದೆ ಹೋಗುತ್ತದೆ. ಒಂದೇ ಪಕ್ಕ ಹಾಕಿದರೆ ಬುಗುರಿ! ನಡುನೀರಿಗೆ ಹೋಗುತ್ತಲೇ ಅಕ್ಕ ಒಂದೇ ಪಕ್ಕ ಹಾಕತೊಡಗಿದಳು.

“ಏನಮ್ಮೀ ಇದು, ನೆಟ್ಟಗೆ ಹೋಗು!”

“ತಾತಂಗೆ ತಪ್ಪಾಯ್ತು ಅನ್ರಿ, ಹೋಗ್ತೀನಿ.”

“ಸತ್ತೋನಿಗೆ ಎಂಥ ತಪ್ಪಾಯ್ತು!”

ಅಕ್ಕ ಇನ್ನೂ ಜೋರಾಗಿ ತಿರುಗಿಸಿದಳು. ಸಾಹುಕಾರ ಅಂಚು ತಬ್ಬಿಕೊಂಡು ವಾಂತಿ ಮಾಡಿದ. “ನೀನಾದ್ರೂ ಹೇಳಮ್ಮ ನಿಮ್ಮಕ್ಕಂಗೆ” ಎಂದು ನನ್ನ ಮುಖ ನೋಡಿದ. ನಾನು ಅವನ ಬುಟ್ಟಿಯಿಂದ ಒಂದು ಹಣ್ಣೆತ್ತಿ ನೀರಿಗೆ ಬಿಟ್ಟೆ. ಬುಳಕ್. ಇನ್ನೊಂದು. ಬುಳಕ್.

“ತಪ್ಪಾಯ್ತು ತಾತ! ತಪ್ಪಾಯ್ತು!” ಎಂದು ಅವನು ನೀರಿಗೆ ಕೈಮುಗಿದ.

ಅಕ್ಕ ಹುಟ್ಟು ನಿಲ್ಲಿಸಿ ಬೆವರೊರೆಸಿಕೊಂಡಳು. “ಇಷ್ಟೊತ್ತು ತಿರುಗ್ಸಿದ್ದು ಮುರಿದ ಹುಟ್ಟಿಗೆ. ಇನ್ನೊಂದ್ ಸುತ್ತು ತಾತಂಗೆ,” ಅಂದು ತಿರುಗಿಸಿಯೇಬಿಟ್ಟಳು.

ಈಗ ಅಲ್ಲಿ ಸೇತುವೆ ಇದೆ. ಸ್ಕೂಲ್ ವ್ಯಾನು ಹಾಡು ಹಾಕಿಕೊಂಡು ದಾಟುತ್ತದೆ. ಮಕ್ಕಳೇ, ನಿಮಗೆ ಯಾರೂ ಆಮೇಲೆ ಬನ್ನಿ ಅನ್ನುವುದಿಲ್ಲ. ಹೊಸೂರಿನ ಮಾಲಿನಲ್ಲಿ ತಿರುಗುವ ಬಟ್ಟಲೊಳಗೆ ಕೂತು ಕಿರುಚಿ, ಇಳಿದ ಮೇಲೆ “ಅಜ್ಜೀ, ಇನ್ನೊಂದ್ ಸುತ್ತು” ಅನ್ನುತ್ತೀರಿ. ನಾನು ಯಾವತ್ತಾದರೂ ಬೇಡ ಅಂದಿದ್ದೇನೆಯೇ? ಕಂಬಿ ಹಿಡಿದು ನಿಂತು, ನಿಮ್ಮ ಜಾಗದಲ್ಲಿ ಸಾಹುಕಾರನನ್ನು ಕೂರಿಸಿಕೊಂಡು ನೋಡುತ್ತಿರುತ್ತೇನೆ.